ಟ್ರೇಲರ್ ಲಾರಿ ಮಡಚಿಕೊಂಡ ಅಪಘಾತ: ಗಾಯಾಳುಗಳ ಹಕ್ಕು ಮತ್ತು ಪರಿಹಾರದ ಲೆಕ್ಕ

ಉಕ್ಕಿನ ಸುರುಳಿ, ಸಿಮೆಂಟ್, ಗ್ರಾನೈಟ್ ದಿಮ್ಮಿ, ರಫ್ತಿನ ಕಂಟೇನರ್ ಮುಂತಾದ ಭಾರಿ ಸರಕುಗಳ ಸಾಗಾಣಿಕೆಯು ಇಂದು ಬಹುಮಟ್ಟಿಗೆ ಟ್ರೇಲರ್ ಲಾರಿಗಳನ್ನು ಅವಲಂಬಿಸಿದೆ. ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿಯಲ್ಲಾಗಲಿ, ಶಿರಾಡಿ ಮತ್ತು ಅರಬೈಲ್ ಘಟ್ಟಗಳ ಇಳಿಜಾರಿನಲ್ಲಾಗಲಿ ಇಂತಹ ವಾಹನವೊಂದು ಹತೋಟಿ ತಪ್ಪಿದರೆ ಅದು ಒಂದು ವಾಹನದ ಅಪಘಾತವಾಗಿ ಉಳಿಯುವುದಿಲ್ಲ. ಮುಂದಿನ ಭಾಗ ಒಂದು ದಿಕ್ಕಿಗೆ, ಹಿಂದಿನ ಭಾಗ ಇನ್ನೊಂದು ದಿಕ್ಕಿಗೆ ತಿರುಗಿ, ಇಡೀ ರಸ್ತೆಯನ್ನೇ ಅಡ್ಡಗಟ್ಟುತ್ತದೆ. ಅದರ ಸುತ್ತ ಇದ್ದ ಕಾರು, ದ್ವಿಚಕ್ರ ವಾಹನ, ಸಣ್ಣ ಸರಕು ವಾಹನಗಳೆಲ್ಲವೂ ಅದಕ್ಕೆ ಸಿಲುಕುತ್ತವೆ.

ವರ್ತಕರು ಮತ್ತು ಸಣ್ಣ ಉದ್ದಿಮೆದಾರರಿಗೆ ಈ ವಿಷಯವು ಮೂರು ದೃಷ್ಟಿಯಿಂದ ಮುಖ್ಯವಾಗಿದೆ. ವಸೂಲಿಗೆ ಅಥವಾ ಖರೀದಿಗೆ ಹೊರಟ ವರ್ತಕನೇ ಗಾಯಾಳುವಾಗಬಹುದು. ಸರಕಿನೊಂದಿಗೆ ಕಳುಹಿಸಿದ ಅವನ ಗುಮಾಸ್ತ ಅಥವಾ ಹಮಾಲ ಗಾಯಗೊಳ್ಳಬಹುದು. ಅಥವಾ ಅಪಘಾತಕ್ಕೆ ಕಾರಣವಾದ ವಾಹನವೇ ಅವನದಾಗಿರಬಹುದು. ಈ ಮೂರು ಸಂದರ್ಭಗಳಲ್ಲಿಯೂ ಕಾನೂನು ಸಾಕಷ್ಟು ಮಾರ್ಗಗಳನ್ನು ತೆರೆದಿಟ್ಟಿದೆ. ಆದರೆ ಆ ಮಾರ್ಗಗಳಲ್ಲಿ ಕೈಗೆ ಬರುವ ಮೊತ್ತವು ಅಪಘಾತಕ್ಕೆ ಮೊದಲು ಇಟ್ಟ ಲೆಕ್ಕಪತ್ರಗಳು ಹಾಗೂ ಅಪಘಾತವಾದ ಮೊದಲ ಕೆಲವು ವಾರಗಳಲ್ಲಿ ಸಂಗ್ರಹಿಸಿದ ದಾಖಲೆಗಳ ಮೇಲೆ ನಿಂತಿರುತ್ತದೆ ಎಂಬುದನ್ನು ಮನಗಾಣಬೇಕು.

ಅಪಘಾತದ ಸ್ವರೂಪ

ಟ್ರೇಲರ್ ಲಾರಿಯು ಎರಡು ಭಾಗಗಳಿಂದ ಕೂಡಿದ ವಾಹನ. ಎಂಜಿನ್ ಇರುವ ಮುಂದಿನ ಭಾಗದ ಮೇಲೆ ಹಿಂದಿನ ಟ್ರೇಲರಿನ ಭಾರದ ಒಂದಂಶ ಕುಳಿತಿರುತ್ತದೆ. ಇವೆರಡನ್ನು ಒಂದು ಪಿನ್ ಮತ್ತು ತಿರುಗುವ ತಟ್ಟೆ ಜೋಡಿಸಿರುತ್ತವೆ. ಚಾಲಕನು ಹಠಾತ್ತನೆ ಬ್ರೇಕ್ ಹಾಕಿದಾಗ ಎಂಜಿನ್ ಭಾಗದ ಹಿಂಗಾಲಿಗಳು ಬಿಗಿದುಕೊಂಡು ಜಾರಿದರೆ, ಹಿಂದಿನಿಂದ ಟ್ರೇಲರ್ ಒತ್ತುತ್ತಲೇ ಇರುವುದರಿಂದ ಮುಂಭಾಗವು ಪಕ್ಕಕ್ಕೆ ತಿರುಗಿ ಟ್ರೇಲರಿನ ಕಡೆಗೆ ಮಡಚಿಕೊಳ್ಳುತ್ತದೆ. ಮಡಚುವ ಚಾಕುವನ್ನು ಹೋಲುವುದರಿಂದ ಇದಕ್ಕೆ ಜಾಕ್‌ನೈಫ್ ಅಪಘಾತ ಎಂಬ ಹೆಸರು ಬಂದಿದೆ.

ಇದಕ್ಕೆ ಕಾರಣಗಳು ಹಲವು. ಮೊದಲ ಮಳೆಗೆ ನುಣುಪಾದ ರಸ್ತೆ, ಸವೆದ ಟೈರು, ಎರಡು ಭಾಗಗಳ ಬ್ರೇಕುಗಳಲ್ಲಿ ಹೊಂದಾಣಿಕೆ ಇಲ್ಲದಿರುವುದು, ಇಳಿಜಾರಿನಲ್ಲಿ ಕಡಿಮೆ ಗೇರಿನಲ್ಲಿ ಇಳಿಯದೆ ಬ್ರೇಕನ್ನೇ ನಂಬುವುದು, ಸರಿಯಾಗಿ ಬಿಗಿಯದ ಸರಕು ಪಕ್ಕಕ್ಕೆ ಸರಿಯುವುದು, ಮಿತಿ ಮೀರಿದ ಭಾರ ಇವು ಅವುಗಳಲ್ಲಿ ಮುಖ್ಯವಾದವು. ಖಾಲಿ ಟ್ರೇಲರ್ ಸುರಕ್ಷಿತ ಎಂಬ ಭಾವನೆಯೂ ತಪ್ಪು. ಗಾಲಿಗಳ ಮೇಲೆ ಭಾರವಿಲ್ಲದ ಕಾರಣ ಅವು ಇನ್ನೂ ಬೇಗ ಜಾರುತ್ತವೆ.

ಕಾರಣ ಯಾವುದೆಂಬುದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಚಾಲಕನ ಅಜಾಗರೂಕತೆಯೇ, ಮಾಲೀಕನ ನಿರ್ವಹಣೆಯ ಲೋಪವೇ, ಸರಕು ತುಂಬಿದವರ ತಪ್ಪೇ ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ. ಆದ್ದರಿಂದ ಪೊಲೀಸರ ಸ್ಥಳ ಪಂಚನಾಮೆ, ಟೈರಿನ ಜಾರುಗುರುತುಗಳು ಕಾಣುವ ನಕ್ಷೆ ಮತ್ತು ಮೋಟಾರು ವಾಹನ ನಿರೀಕ್ಷಕರ ವರದಿಗಳಿಗೆ ಇಂತಹ ಪ್ರಕರಣಗಳಲ್ಲಿ ವಿಶೇಷ ಮಹತ್ವವಿದೆ.

ಹೊಣೆ ಯಾರದು?

ಮೋಟಾರು ವಾಹನ ಕಾಯ್ದೆ, 1988ರ ಅನ್ವಯ ಚಾಲಕ, ಮಾಲೀಕ ಮತ್ತು ವಿಮಾ ಕಂಪನಿ ಈ ಮೂವರೂ ಪರಿಹಾರ ಅರ್ಜಿಯಲ್ಲಿ ಎದುರುದಾರರಾಗುತ್ತಾರೆ. ಟ್ರೇಲರ್ ಲಾರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಂಜಿನ್ ಭಾಗಕ್ಕೂ ಟ್ರೇಲರಿಗೂ ಬೇರೆ ಬೇರೆ ನೋಂದಣಿ, ಬೇರೆ ಬೇರೆ ಮಾಲೀಕರು, ಬೇರೆ ಬೇರೆ ಪಾಲಿಸಿಗಳು ಇರುವುದುಂಟು. ಎರಡೂ ಭಾಗಗಳ ನೋಂದಣಿ ವಿವರ ಪಡೆದು, ಎರಡಕ್ಕೂ ಸಂಬಂಧಿಸಿದವರನ್ನು ಅರ್ಜಿಯಲ್ಲಿ ಸೇರಿಸುವುದು ಲೇಸು. ಒಬ್ಬರನ್ನು ಬಿಟ್ಟರೆ, ಅವರ ಮೇಲೆ ಹೊಣೆ ಹೊರಿಸಿ ಉಳಿದವರು ಜಾರಿಕೊಳ್ಳಲು ಅವಕಾಶವಾಗುತ್ತದೆ.

ಇಂತಹ ಪ್ರಕರಣಗಳಲ್ಲಿ ಮಾಲೀಕರು ಸಾಮಾನ್ಯವಾಗಿ ಮುಂದಿಡುವ ವಾದವೆಂದರೆ “ಬ್ರೇಕ್ ವಿಫಲವಾಯಿತು, ಟೈರು ಒಡೆಯಿತು, ಇದರಲ್ಲಿ ಯಾರ ತಪ್ಪೂ ಇಲ್ಲ” ಎಂಬುದು. ಈ ವಾದವು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಅಡಗಿದ ಯಾಂತ್ರಿಕ ದೋಷವನ್ನು ಮುಂದೊಡ್ಡುವ ಮಾಲೀಕನು, ತಾನು ಸೂಕ್ತ ಎಚ್ಚರಿಕೆ ವಹಿಸಿಯೂ ಆ ದೋಷ ಕಂಡುಬರುವಂತಿರಲಿಲ್ಲವೆಂದು ತಾನೇ ರುಜುವಾತುಪಡಿಸಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 1977ರ ಮಿನು ಮೆಹ್ತಾ ಪ್ರಕರಣದಲ್ಲಿ ತಿಳಿಸಿದೆ. 2001ರ ಕೌಶ್ನುಮಾ ಬೇಗಂ ಪ್ರಕರಣದಲ್ಲಿ ಜೀಪೊಂದರ ಮುಂದಿನ ಟೈರು ಒಡೆದು ಪಾದಚಾರಿಯೊಬ್ಬರು ಮೃತಪಟ್ಟಿದ್ದರು. ಚಾಲಕನ ನಿರ್ಲಕ್ಷ್ಯ ಸಾಬೀತಾಗದಿದ್ದರೂ ಕಟ್ಟುನಿಟ್ಟಿನ ಹೊಣೆಗಾರಿಕೆಯ ತತ್ತ್ವದ ಮೇಲೆ ಪರಿಹಾರ ನೀಡಲಾಯಿತು.

ಟ್ರೇಲರ್ ಮಡಚಿಕೊಂಡಾಗ ಹಲವು ವಾಹನಗಳು ಒಂದಕ್ಕೊಂದು ತಾಗುವುದರಿಂದ ತಪ್ಪು ಯಾರದು ಎಷ್ಟು ಎಂಬ ವಿವಾದ ಹುಟ್ಟುತ್ತದೆ. ಎರಡು ಅಥವಾ ಹೆಚ್ಚು ವಾಹನಗಳ ಸಂಯುಕ್ತ ನಿರ್ಲಕ್ಷ್ಯದಿಂದ ಮೂರನೆಯವನೊಬ್ಬನು ಗಾಯಗೊಂಡಿದ್ದರೆ, ಅವನು ಪೂರ್ಣ ಮೊತ್ತವನ್ನು ಅವರಲ್ಲಿ ಯಾರೊಬ್ಬರಿಂದಲಾದರೂ ವಸೂಲು ಮಾಡಬಹುದೆಂದು 2015ರ ಖೆನ್ಯೇಯ್ ಪ್ರಕರಣದಲ್ಲಿ ತೀರ್ಪಾಗಿದೆ. ಅವರೊಳಗಿನ ಹಂಚಿಕೆ ಅವರವರಿಗೆ ಬಿಟ್ಟ ವಿಚಾರ. ಗಾಯಾಳು ತಾನೇ ವಾಹನ ಚಲಾಯಿಸುತ್ತಿದ್ದು ಅವನದೂ ಒಂದು ಪಾಲು ತಪ್ಪಿದ್ದರೆ ಮಾತ್ರ ಆ ಪ್ರಮಾಣದಲ್ಲಿ ಪರಿಹಾರ ಕಡಿತವಾಗುತ್ತದೆ.

ರಾತ್ರಿ ವೇಳೆ ರಸ್ತೆಗೆ ಅಡ್ಡವಾಗಿ ನಿಂತ ಟ್ರೇಲರಿಗೆ ಹಿಂದಿನಿಂದ ಬಂದ ವಾಹನ ಅಪ್ಪಳಿಸಿದಾಗ, ಹಿಂದಿನವನದೇ ತಪ್ಪೆಂದು ವಿಮಾ ಕಂಪನಿ ವಾದಿಸುವುದು ವಾಡಿಕೆ. 2018ರ ಅರ್ಚಿತ್ ಸೈನಿ ಪ್ರಕರಣದಲ್ಲಿ, ದೀಪ ಅಥವಾ ಸೂಚಕಗಳಿಲ್ಲದೆ ರಸ್ತೆಯ ನಡುವೆ ನಿಂತಿದ್ದ ಗ್ಯಾಸ್ ಟ್ಯಾಂಕರಿಗೆ ಕಾರು ಡಿಕ್ಕಿ ಹೊಡೆದಿತ್ತು. ಕಾರು ಚಾಲಕನ ಮೇಲೆ ಪಾಲು ಹೊರಿಸುವುದನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಹೀಗಾಗಿ ಅಪಘಾತದ ನಂತರ ಎಚ್ಚರಿಕೆಯ ತ್ರಿಕೋನ, ದೀಪ ಇಡಲಾಗಿತ್ತೇ ಎಂಬುದಕ್ಕೆ ಛಾಯಾಚಿತ್ರವಿದ್ದರೆ ಅದು ಅಮೂಲ್ಯ ಸಾಕ್ಷ್ಯವಾಗುತ್ತದೆ.

ಚಿಕಿತ್ಸೆ ಮತ್ತು ಪೊಲೀಸ್ ದಾಖಲೆ

ಮೊದಲ ಕರ್ತವ್ಯ ಚಿಕಿತ್ಸೆ. ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ರೂ. 1,50,000ದ ಮಿತಿಯೊಳಗೆ ಚಿಕಿತ್ಸೆ ದೊರೆಯುತ್ತದೆ. ಇದು ಪರಿಹಾರವಲ್ಲ, ತುರ್ತು ನೆರವು ಮಾತ್ರ.

ಆಸ್ಪತ್ರೆಗೆ ಸೇರಿಸುವಾಗಲೇ ಇದು ರಸ್ತೆ ಅಪಘಾತವೆಂದು ಸ್ಪಷ್ಟವಾಗಿ ಬರೆಯಿಸತಕ್ಕದ್ದು. ಆಸ್ಪತ್ರೆಯ ಮೊದಲ ಟಿಪ್ಪಣಿಯಲ್ಲಿ “ಬಿದ್ದು ಗಾಯ” ಎಂದಿದ್ದು, ವಾರದ ನಂತರ ದೂರು ದಾಖಲಾದರೆ, ಆ ಒಂದು ಸಾಲನ್ನೇ ಹಿಡಿದು ವಿಮಾ ಕಂಪನಿ ಇಡೀ ಪ್ರಕರಣವನ್ನು ಸಂಶಯಕ್ಕೆ ಗುರಿಪಡಿಸುತ್ತದೆ. ಸಂಬಂಧಿಕರು ಬೇಗನೆ ದೂರು ನೀಡಿ ಎಫ್.ಐ.ಆರ್. ಪ್ರತಿ ಪಡೆಯಬೇಕು. 2022ರ ನಿಯಮಗಳಂತೆ ತನಿಖಾಧಿಕಾರಿಯು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನೂ, 90 ದಿನಗಳೊಳಗೆ ವಿವರವಾದ ವರದಿಯನ್ನೂ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಈ ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ 2022ರ ಡಿಸೆಂಬರ್‌ನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ದೇಶಿಸಿದೆ.

ಚಾಲಕನ ಮೇಲೆ ಹೂಡುವ ಕ್ರಿಮಿನಲ್ ಮೊಕದ್ದಮೆಯು 1 ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆಯಡಿ ನಡೆಯುತ್ತದೆ. ಆ ಮೊಕದ್ದಮೆಯಲ್ಲಿ ಚಾಲಕ ಬಿಡುಗಡೆಯಾದರೆ ಪರಿಹಾರವೂ ಹೋಯಿತೆಂದು ಹಲವರು ಕೈಚೆಲ್ಲುತ್ತಾರೆ. ಅದು ಸರಿಯಲ್ಲ. ಕ್ರಿಮಿನಲ್ ನ್ಯಾಯಾಲಯದಲ್ಲಿ ಸಂಶಯಾತೀತ ರುಜುವಾತು ಬೇಕು. ನ್ಯಾಯಮಂಡಳಿಯಲ್ಲಿ ಸಂಭವನೀಯತೆಯ ತೂಕ ಸಾಕು. ಇದು 1980ರಿಂದಲೂ ಸ್ಥಿರಪಟ್ಟ ತತ್ತ್ವವಾಗಿದೆ.

ಪರಿಹಾರದ ಮಾರ್ಗಗಳು

1. ತಪ್ಪು ರುಜುವಾತಿಲ್ಲದ ನಿಗದಿತ ಪರಿಹಾರ: ಕಲಂ 164ರ ಪ್ರಕಾರ ಮರಣಕ್ಕೆ ರೂ. 5 ಲಕ್ಷ, ತೀವ್ರ ಗಾಯಕ್ಕೆ ರೂ. 2.5 ಲಕ್ಷ. ಯಾರ ತಪ್ಪೆಂದು ತೋರಿಸುವ ಅಗತ್ಯವಿಲ್ಲ. ಆದರೆ ಈ ಮೊತ್ತವನ್ನು ಒಪ್ಪಿ ಸ್ವೀಕರಿಸಿದರೆ ಕಲಂ 166ರ ಅರ್ಜಿಯು ರದ್ದಾಗುತ್ತದೆ. ದುಡಿಯುವ ವಯಸ್ಸಿನವನು ಅಂಗವಿಕಲನಾದಾಗ, ಆಸ್ಪತ್ರೆಯ ಬಿಲ್ಲಿನ ಒತ್ತಡದಲ್ಲಿ ಈ ಮೊತ್ತಕ್ಕೆ ಸಹಿ ಮಾಡುವ ಮೊದಲು ಎರಡು ಬಾರಿ ಯೋಚಿಸಬೇಕು.

2. ಪೂರ್ಣ ಪರಿಹಾರದ ಅರ್ಜಿ: ಕಲಂ 166ರ ಪ್ರಕಾರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ. ಇಲ್ಲಿ ನಿರ್ಲಕ್ಷ್ಯವನ್ನು ತೋರಿಸಬೇಕು, ಮೊತ್ತಕ್ಕೆ ಮಿತಿಯಿಲ್ಲ. ಅಪಘಾತ ನಡೆದ ಸ್ಥಳದಲ್ಲಿ ಮಾತ್ರವಲ್ಲದೆ, ಅರ್ಜಿದಾರನು ವಾಸಿಸುವ ಅಥವಾ ವ್ಯಾಪಾರ ನಡೆಸುವ ಊರಿನ ನ್ಯಾಯಮಂಡಳಿಯಲ್ಲಿಯೂ ಅರ್ಜಿ ಸಲ್ಲಿಸಬಹುದು. ಕೊಲ್ಹಾಪುರದ ಬಳಿ ಗಾಯಗೊಂಡ ಹುಬ್ಬಳ್ಳಿಯ ವರ್ತಕನು ಹುಬ್ಬಳ್ಳಿಯಲ್ಲಿಯೇ ಅರ್ಜಿ ಹಾಕಬಹುದು.

3. ಕೆಲಸದ ವೇಳೆ ಗಾಯಗೊಂಡ ನೌಕರ: ಚಾಲಕ, ಕ್ಲೀನರ್, ಹಮಾಲ ಮುಂತಾದವರಿಗೆ ನೌಕರರ ಪರಿಹಾರದ ಮಾರ್ಗವೂ ಇದೆ. 21 ನವೆಂಬರ್ 2025ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಈ ವಿಷಯದಲ್ಲಿ 1923ರ ಕಾಯ್ದೆಯ ಸ್ಥಾನವನ್ನು ಪಡೆದಿದೆ. ಇಲ್ಲಿ ಯಾರ ನಿರ್ಲಕ್ಷ್ಯವನ್ನೂ ತೋರಿಸಬೇಕಾಗಿಲ್ಲ. ಮರಣದಲ್ಲಿ ಮಾಸಿಕ ವೇತನದ ಶೇ. 50, ಶಾಶ್ವತ ಪೂರ್ಣ ಅಂಗವೈಕಲ್ಯದಲ್ಲಿ ಶೇ. 60ನ್ನು ವಯಸ್ಸಿನ ಅಂಶದಿಂದ ಗುಣಿಸಿ ಲೆಕ್ಕ ಹಾಕಲಾಗುತ್ತದೆ. ಈ ಮಾರ್ಗ ಅಥವಾ ಮೋಟಾರು ವಾಹನ ಕಾಯ್ದೆಯ ಮಾರ್ಗ, ಎರಡರಲ್ಲಿ ಒಂದನ್ನು ಮಾತ್ರ ಆಯ್ದುಕೊಳ್ಳಬಹುದು.

4. ವಾಹನ ಪರಾರಿಯಾದಾಗ: ಡಿಕ್ಕಿ ಹೊಡೆದ ವಾಹನದ ಗುರುತು ಸಿಗದಿದ್ದರೆ, 1 ಏಪ್ರಿಲ್ 2022ರಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ ರೂ. 2 ಲಕ್ಷ, ತೀವ್ರ ಗಾಯಕ್ಕೆ ರೂ. 50,000.

5. ತಯಾರಿಕೆಯ ದೋಷ: ಬ್ರೇಕ್, ಟೈರು ಅಥವಾ ಜೋಡಣೆಯ ಭಾಗದ ತಯಾರಿಕೆಯಲ್ಲಿಯೇ ದೋಷವಿದ್ದುದು ತಜ್ಞರ ವರದಿಯಿಂದ ಕಂಡುಬಂದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವನ್ನು ಪರಿಶೀಲಿಸಬಹುದು. ಇದಕ್ಕೆ ವಾಹನದ ಆ ಭಾಗವು ಗುಜರಿಗೆ ಹೋಗದೆ ಉಳಿದಿರಬೇಕು.

ಕಾಲಮಿತಿಯ ಬಗ್ಗೆ ಎಚ್ಚರಿಕೆ

1994ರ ತಿದ್ದುಪಡಿಯ ನಂತರ ಪರಿಹಾರ ಅರ್ಜಿಗೆ ಕಾಲಮಿತಿ ಇರಲಿಲ್ಲ. ಎರಡು ಮೂರು ವರ್ಷಗಳ ನಂತರ ಅರ್ಜಿ ಹಾಕಿದ ಉದಾಹರಣೆಗಳನ್ನು ಕಂಡವರು ಇಂದಿಗೂ ಅದನ್ನೇ ನಂಬಿದ್ದಾರೆ. 2019ರ ತಿದ್ದುಪಡಿಯ ಮೂಲಕ 6 ತಿಂಗಳ ಕಾಲಮಿತಿಯು ಮತ್ತೆ ಬಂದು, 1 ಏಪ್ರಿಲ್ 2022ರಿಂದ ಜಾರಿಯಾಗಿದೆ. ಇದರ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ, ಕಾಲಮಿತಿ ಮೀರಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನಂಬಿ ಕುಳಿತುಕೊಳ್ಳುವುದು ವಿವೇಕವಲ್ಲ. 6 ತಿಂಗಳೊಳಗೆ ಅರ್ಜಿ ಸಲ್ಲಿಸಿ, ಚಿಕಿತ್ಸೆ ಮುಂದುವರಿದಿದ್ದರೆ ದಾಖಲೆಗಳನ್ನು ನಂತರ ಹಾಜರುಪಡಿಸುವುದು ಸುರಕ್ಷಿತ ಮಾರ್ಗ.

ಪರಿಹಾರದ ಲೆಕ್ಕ

ಗಾಯಾಳುವಿಗೆ ದೊರೆಯುವ ಪರಿಹಾರದಲ್ಲಿ ಚಿಕಿತ್ಸೆಯ ವೆಚ್ಚ, ಮುಂದಿನ ಚಿಕಿತ್ಸೆ, ಆರೈಕೆ ಮಾಡುವವರ ಖರ್ಚು, ಪ್ರಯಾಣ ಮತ್ತು ಪೌಷ್ಟಿಕ ಆಹಾರ, ಮಲಗಿದ್ದ ಅವಧಿಯ ಆದಾಯ ನಷ್ಟ, ನೋವು ಮತ್ತು ಯಾತನೆ, ಬದುಕಿನ ಸುಖಸೌಕರ್ಯಗಳ ನಷ್ಟ, ಭವಿಷ್ಯದ ದುಡಿಮೆಯ ನಷ್ಟ ಎಂಬ ಬಾಬ್ತುಗಳು ಸೇರುತ್ತವೆ. ಇವುಗಳಲ್ಲಿ ಕೊನೆಯದೇ ಅತಿ ದೊಡ್ಡದು. ಅದರ ಲೆಕ್ಕಕ್ಕೆ ನಾಲ್ಕು ಅಂಶಗಳು ಬೇಕು.

ಮೊದಲನೆಯದು ವಾರ್ಷಿಕ ಆದಾಯ. ಎರಡನೆಯದು ಭವಿಷ್ಯದ ಏಳಿಗೆಯ ಸೇರ್ಪಡೆ. 2017ರ ಪ್ರಣಯ್ ಸೇಥಿ ತೀರ್ಪಿನಂತೆ ಸ್ವಂತ ಉದ್ಯೋಗಿಗೆ 40 ವರ್ಷದೊಳಗೆ ಶೇ. 40, 40ರಿಂದ 50ರವರೆಗೆ ಶೇ. 25, 50ರಿಂದ 60ರವರೆಗೆ ಶೇ. 10. ಗಾಯದ ಪ್ರಕರಣಗಳಿಗೂ ಇದು ಅನ್ವಯವೆಂದು 2020ರ ಪಪ್ಪು ದೇವ್ ಯಾದವ್ ಪ್ರಕರಣ ಸ್ಪಷ್ಟಪಡಿಸಿದೆ. ಮೂರನೆಯದು ವಯಸ್ಸಿನ ಗುಣಕ. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31–35ಕ್ಕೆ 16, 36–40ಕ್ಕೆ 15, 41–45ಕ್ಕೆ 14, 46–50ಕ್ಕೆ 13, 51–55ಕ್ಕೆ 11, 56–60ಕ್ಕೆ 9. ನಾಲ್ಕನೆಯದು ದುಡಿಮೆಯ ಸಾಮರ್ಥ್ಯದಲ್ಲಿ ಆದ ನಷ್ಟದ ಶೇಕಡಾವಾರು.

ಈ ನಾಲ್ಕನೆಯ ಅಂಶದಲ್ಲಿ ಗೊಂದಲ ಹೆಚ್ಚು. ವೈದ್ಯರು ಕೊಡುವ ಅಂಗವೈಕಲ್ಯದ ಶೇಕಡಾವಾರು ಬೇರೆ, ದುಡಿಮೆಯ ನಷ್ಟ ಬೇರೆ ಎಂದು ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ವಿವರಿಸಿದೆ. ಕಾಲಿನ ಊನವು ಗುಮಾಸ್ತನೊಬ್ಬನ ದುಡಿಮೆಯನ್ನು ಸ್ವಲ್ಪ ಮಾತ್ರ ಕುಗ್ಗಿಸಬಹುದು. ಅದೇ ಊನವು ಲಾರಿ ಚಾಲಕನ ಜೀವನೋಪಾಯವನ್ನೇ ಕಸಿಯಬಹುದು. ಆದ್ದರಿಂದ ಗಾಯಾಳು ದಿನವೂ ಮಾಡುತ್ತಿದ್ದ ಕೆಲಸ ಯಾವುದು, ಈಗ ಅದರಲ್ಲಿ ಯಾವುದು ಸಾಧ್ಯವಿಲ್ಲ ಎಂಬುದನ್ನು ಸಾಕ್ಷ್ಯದಲ್ಲಿ ವಿವರವಾಗಿ ಹೇಳಬೇಕು.

ಒಂದು ಕಾಲ್ಪನಿಕ ಉದಾಹರಣೆಯಿಂದ ಲೆಕ್ಕವನ್ನು ನೋಡಬಹುದು. ಸಣ್ಣ ಫೌಂಡ್ರಿಯೊಂದರ ಮಾಲೀಕ, ವಯಸ್ಸು 42, ಆದಾಯ ತೆರಿಗೆ ರಿಟರ್ನ್ ಪ್ರಕಾರ ವಾರ್ಷಿಕ ಆದಾಯ ರೂ. 4,80,000, ದುಡಿಮೆಯ ನಷ್ಟ ಶೇ. 30 ಎಂದಿಟ್ಟುಕೊಳ್ಳೋಣ.

ವಾರ್ಷಿಕ ಆದಾಯ: ರೂ. 4,80,000
ಭವಿಷ್ಯದ ಏಳಿಗೆ ಶೇ. 25: ರೂ. 1,20,000
ಒಟ್ಟು: ರೂ. 6,00,000
ಗುಣಕ 14ರಿಂದ ಗುಣಿಸಿದಾಗ: ರೂ. 84,00,000
ಅದರ ಶೇ. 30: ರೂ. 25,20,000

ಇದೇ ಮಾಲೀಕನು ನಿಜವಾಗಿ ರೂ. 4,80,000 ಗಳಿಸುತ್ತಿದ್ದರೂ ರಿಟರ್ನ್‌ನಲ್ಲಿ ರೂ. 2,40,000 ಮಾತ್ರ ತೋರಿಸಿದ್ದರೆ, ಅದೇ ಲೆಕ್ಕವು ರೂ. 12,60,000ಕ್ಕೆ ಇಳಿಯುತ್ತದೆ. ಸಾವಿರಾರು ರೂಪಾಯಿಗಳ ತೆರಿಗೆ ಉಳಿಸಲು ಹೋಗಿ ಒಂದೇ ಬಾಬ್ತಿನಲ್ಲಿ ಹನ್ನೆರಡೂವರೆ ಲಕ್ಷಕ್ಕೂ ಮಿಕ್ಕಿ ನಷ್ಟ. ಇಲ್ಲಿ ಇನ್ನೊಂದು ಸಂಗತಿಯೂ ಗಮನಾರ್ಹ. ರೂ. 4,80,000 ಆದಾಯಕ್ಕೆ ರಿಯಾಯಿತಿಯ ನಂತರ ಆದಾಯ ತೆರಿಗೆಯೇ ಬೀಳುವುದಿಲ್ಲ. ಎಂದರೆ ಕಡಿಮೆ ತೋರಿಸಿದುದರಿಂದ ಉಳಿದದ್ದು ಏನೂ ಇಲ್ಲ.

ಆದಾಯ ತೆರಿಗೆ ರಿಟರ್ನ್ ಶಾಸನಬದ್ಧ ದಾಖಲೆಯಾಗಿದ್ದು, ಲಭ್ಯವಿದ್ದಲ್ಲಿ ಆದಾಯ ನಿರ್ಧಾರಕ್ಕೆ ಅದನ್ನು ಆಧರಿಸಬಹುದೆಂದು 2019ರ ಮಲರ್‌ವಿಳಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ರಿಟರ್ನ್ ಇಲ್ಲದ ಸಂದರ್ಭದಲ್ಲಿ ಕರ್ನಾಟಕದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಾಲ್ಪನಿಕ ಆದಾಯದ ಪಟ್ಟಿಯನ್ನು ಅನುಸರಿಸುವುದು ರೂಢಿಯಲ್ಲಿದೆ. ಆ ಪಟ್ಟಿಯು ಸಾಮಾನ್ಯ ಕೂಲಿಕಾರನ ಗಳಿಕೆಯ ಸುತ್ತಮುತ್ತ ಇರುವಂಥದು. ಹತ್ತು ಜನರಿಗೆ ಕೆಲಸ ಕೊಟ್ಟ ಉದ್ದಿಮೆದಾರನೂ ದಾಖಲೆ ಇಲ್ಲದಿದ್ದರೆ ಅದೇ ಪಟ್ಟಿಯಲ್ಲಿ ನಿಲ್ಲಬೇಕಾಗುತ್ತದೆ. ಅಪಘಾತವಾದ ನಂತರ ಅವಸರದಲ್ಲಿ ಸಲ್ಲಿಸಿದ ಹೆಚ್ಚಿನ ಆದಾಯದ ರಿಟರ್ನನ್ನು ನ್ಯಾಯಮಂಡಳಿಗಳು ಸಂಶಯದಿಂದಲೇ ನೋಡುತ್ತವೆ. ಅಪಘಾತಕ್ಕೆ ಮೊದಲಿನ ಮೂರು ವರ್ಷಗಳ ರಿಟರ್ನ್‌ಗಳು ಜಿ.ಎಸ್.ಟಿ. ವಹಿವಾಟು ಮತ್ತು ಬ್ಯಾಂಕ್ ಖಾತೆಯೊಂದಿಗೆ ತಾಳೆಯಾಗುವಂತಿದ್ದರೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇರೊಂದಿಲ್ಲ.

“ಅಂಗಡಿ ನಡೆಯುತ್ತಲೇ ಇದೆ, ಮಗ ನೋಡಿಕೊಳ್ಳುತ್ತಿದ್ದಾನೆ, ಹಾಗಾದರೆ ನಷ್ಟವೆಲ್ಲಿ?” ಎಂಬುದು ವಿಮಾ ಕಂಪನಿಗಳ ಇನ್ನೊಂದು ಪ್ರಶ್ನೆ. ಮಾಲೀಕನ ಅನುಭವ ಮತ್ತು ಮೇಲ್ವಿಚಾರಣೆಗೂ ಬೆಲೆಯಿದೆ ಎಂಬುದನ್ನು 2022ರ ಕೆ. ರಮ್ಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಮಾನ್ಯ ಮಾಡಿದೆ. ಇದನ್ನು ಬಾಯಿಮಾತಿನಲ್ಲಿ ಬಿಡದೆ ಪುಸ್ತಕಗಳಲ್ಲಿ ತೋರಿಸುವುದು ಒಳಿತು. ಮಾಲೀಕ ಮಲಗಿದ ಅವಧಿಯಲ್ಲಿ ಮ್ಯಾನೇಜರನ್ನು ನೇಮಿಸಿದ್ದರೆ ಅವನ ಸಂಬಳವನ್ನು ಬ್ಯಾಂಕ್ ಮೂಲಕ ಕೊಟ್ಟು ವೋಚರ್ ಇಡಬೇಕು. ಕೈತಪ್ಪಿದ ಆರ್ಡರುಗಳ ಪತ್ರವ್ಯವಹಾರವನ್ನು ಉಳಿಸಿಕೊಳ್ಳಬೇಕು.

ಪರಿಹಾರದ ಮೂಲ ಮೊತ್ತವು ಬಂಡವಾಳ ಸ್ವರೂಪದ್ದಾಗಿದ್ದು ಆದಾಯವೆನಿಸುವುದಿಲ್ಲ. ಅದರ ಮೇಲಿನ ಬಡ್ಡಿಯ ಬಗ್ಗೆ ತೆರಿಗೆ ನಿಯಮಗಳು ಬದಲಾಗುತ್ತ ಬಂದಿರುವುದರಿಂದ, ಹಣ ಕೈಸೇರಿದ ವರ್ಷದ ನಿಯಮವನ್ನು ನೋಡಿ ರಿಟರ್ನ್ ಸಲ್ಲಿಸತಕ್ಕದ್ದು.

ಸರಕಿನೊಂದಿಗೆ ಪ್ರಯಾಣಿಸುವವರು

22 ಜನವರಿ 2025ರಂದು ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಹಣ್ಣು ತರಕಾರಿ ತುಂಬಿದ ಲಾರಿ ಕಂದಕಕ್ಕೆ ಉರುಳಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ 10 ಮಂದಿ ವ್ಯಾಪಾರಿಗಳು ಅಸುನೀಗಿದರು. ಅದು ಟ್ರೇಲರ್ ಅಲ್ಲದಿದ್ದರೂ, ಸರಕಿನೊಂದಿಗೆ ಲಾರಿಯಲ್ಲಿಯೇ ಪ್ರಯಾಣಿಸುವ ವ್ಯಾಪಾರಿಗಳ ಸ್ಥಿತಿಯನ್ನು ಆ ದುರಂತ ಎತ್ತಿ ತೋರಿಸುತ್ತದೆ. ಸರಕು ವಾಹನದಲ್ಲಿ ಉಚಿತವಾಗಿ ಅಥವಾ ಬಾಡಿಗೆ ಕೊಟ್ಟು ಹತ್ತಿದ ಪ್ರಯಾಣಿಕನಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲವೆಂಬುದು 2002ರ ಆಶಾ ರಾಣಿ ತೀರ್ಪಿನಿಂದ ಸ್ಥಿರಪಟ್ಟಿದೆ. ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ಮಾತ್ರ ರಕ್ಷಣೆ ಇದೆ. ಅವರೂ ಕ್ಯಾಬಿನ್‌ನಲ್ಲಿ ಕುಳಿತಿರಬೇಕು. ಸರಕಿನ ಮೇಲೆ ಕುಳಿತವರಿಗೆ, ವಾಹನದ ಅನುಮತಿ ಮೀರಿದ ಸಂಖ್ಯೆಯವರಿಗೆ ವಿಮಾ ಕಂಪನಿಯು ತಕರಾರು ತೆಗೆಯುತ್ತದೆ.

ಆದ್ದರಿಂದ ಗುಮಾಸ್ತನನ್ನು ಸರಕಿನೊಂದಿಗೆ ಕಳುಹಿಸುವಾಗ, ಇವನು ಈ ಸರಕಿನ ಪ್ರತಿನಿಧಿಯೆಂದು ಲೆಟರ್‌ಹೆಡ್ಡಿನಲ್ಲಿ ಬರೆದು, ಬಿಲ್ಲಿನ ಸಂಖ್ಯೆ ಮತ್ತು ವಾಹನ ಸಂಖ್ಯೆ ನಮೂದಿಸಿ, ಒಂದು ಪ್ರತಿಯನ್ನು ಕಚೇರಿಯಲ್ಲಿ ಇಟ್ಟುಕೊಳ್ಳುವುದು ಅವಶ್ಯ. ಐದು ನಿಮಿಷದ ಈ ಕೆಲಸವು ಒಂದು ಕುಟುಂಬದ ಆಧಾರವನ್ನು ಉಳಿಸಬಲ್ಲದು.

ಅಪಘಾತದಲ್ಲಿ ಸರಕು ಹಾಳಾಗಿದ್ದರೆ ಅದರ ಮಾರ್ಗ ಬೇರೆ. ರಸ್ತೆ ಸಾಗಾಣಿಕೆ ಕಾಯ್ದೆ, 2007ರಂತೆ ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾಗಾಣಿಕೆದಾರನಿಗೆ ಲಿಖಿತ ನೋಟೀಸು ಕೊಡದಿದ್ದರೆ ದಾವೆ ನಿಲ್ಲುವುದಿಲ್ಲ.

ವಾಹನದ ಮಾಲೀಕನು ವರ್ತಕನೇ ಆಗಿದ್ದಾಗ

ಸ್ವಂತ ಟ್ರೇಲರ್ ಇಟ್ಟುಕೊಂಡವರು ಮೇಲಿನ ಎಲ್ಲವನ್ನೂ ಇನ್ನೊಂದು ಬದಿಯಿಂದ ನೋಡಬೇಕು. ಪಾಲಿಸಿ ಇದ್ದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಚಾಲಕನಿಗೆ ತಕ್ಕ ಲೈಸೆನ್ಸ್ ಇಲ್ಲದಿದ್ದರೆ ಅಥವಾ ಪರ್ಮಿಟ್ ಇಲ್ಲದಿದ್ದರೆ, ವಿಮಾ ಕಂಪನಿಯು ಮೊದಲು ಗಾಯಾಳುವಿಗೆ ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ 2004ರ ಸ್ವರ್ಣ ಸಿಂಗ್ ಮತ್ತು 2018ರ ಅಮೃತ್ ಪಾಲ್ ಸಿಂಗ್ ಪ್ರಕರಣಗಳ ಜಾಡಿನಲ್ಲಿ ಆದೇಶಗಳಾಗುತ್ತವೆ. 2024ರ ನವೆಂಬರ್‌ನ ಸಂವಿಧಾನ ಪೀಠದ ತೀರ್ಪು 7,500 ಕಿಲೋಗ್ರಾಂವರೆಗಿನ ವಾಹನಗಳಿಗೆ ಮಾತ್ರ ಲಘು ವಾಹನದ ಲೈಸೆನ್ಸ್ ಸಾಕೆಂದು ಹೇಳಿದೆ. ಟ್ರೇಲರ್ ಲಾರಿಗೆ ಅದು ಅನ್ವಯಿಸುವುದಿಲ್ಲ.

ವಾಹನ ಮಾರಿದ ಮೇಲೆ ಹೆಸರು ಬದಲಾಯಿಸದೆ ಬಿಟ್ಟವರಿಗೆ 2018ರ ನವೀನ್ ಕುಮಾರ್ ತೀರ್ಪು ಎಚ್ಚರಿಕೆಯ ಗಂಟೆ. ವಾಹನ ಹಲವು ಕೈ ಬದಲಾಗಿದ್ದರೂ ನೋಂದಣಿ ಪುಸ್ತಕದಲ್ಲಿ ಹೆಸರಿರುವವನೇ ಹೊಣೆಗಾರನೆಂದು ಅಲ್ಲಿ ತೀರ್ಮಾನವಾಯಿತು. ವಿಮೆಯೇ ಇಲ್ಲದಿದ್ದರೆ ಪೂರ್ಣ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ಮಾಲೀಕನ ಆಸ್ತಿಯಿಂದ ವಸೂಲು ಮಾಡಬಹುದು.

ಮಿತಿ ಮೀರಿದ ಭಾರಕ್ಕೆ ಕಲಂ 194ರಂತೆ ರೂ. 20,000 ಹಾಗೂ ಹೆಚ್ಚಿನ ಪ್ರತಿ ಟನ್ನಿಗೆ ರೂ. 2,000 ದಂಡವಿದೆ. ಈ ಕಲಂ ವಾಹನ ಓಡಿಸುವವನಿಗೆ ಮಾತ್ರವಲ್ಲದೆ ಓಡಿಸಲು ಕಾರಣನಾದವನಿಗೂ, ಅವಕಾಶ ಕೊಟ್ಟವನಿಗೂ ಅನ್ವಯಿಸುತ್ತದೆ. ಬಾಡಿಗೆ ಉಳಿಸಲು ಇನ್ನೆರಡು ಟನ್ ಹಾಕಿಸುವ ಸರಕುದಾರರು ಇದನ್ನು ನೆನಪಿಡಬೇಕು. ತೂಕದ ಚೀಟಿ, ಬ್ರೇಕ್ ಮತ್ತು ಟೈರು ರಿಪೇರಿಯ ಬಿಲ್ಲುಗಳು, ಎಫ್.ಸಿ. ಇವು ಕ್ರಮವಾಗಿದ್ದರೆ ಮಾಲೀಕನ ರಕ್ಷಣೆಗೆ ಅವೇ ಸಾಕ್ಷಿ.

ಸಂಗ್ರಹಿಸಬೇಕಾದ ದಾಖಲೆಗಳು

1. ಎಫ್.ಐ.ಆರ್., ಸ್ಥಳ ಪಂಚನಾಮೆ, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ದೋಷಾರೋಪ ಪಟ್ಟಿ.
2. ಎಂಜಿನ್ ಭಾಗ ಮತ್ತು ಟ್ರೇಲರ್ ಎರಡರ ನೋಂದಣಿ, ಪಾಲಿಸಿ, ಪರ್ಮಿಟ್, ಎಫ್.ಸಿ. ಹಾಗೂ ಚಾಲಕನ ಲೈಸೆನ್ಸ್ ವಿವರ.
3. ಸ್ಥಳದ ಛಾಯಾಚಿತ್ರಗಳು, ಟೋಲ್ ನಾಕೆ ಮತ್ತು ಅಕ್ಕಪಕ್ಕದ ಪೆಟ್ರೋಲ್ ಬಂಕ್‌ಗಳ ಕ್ಯಾಮೆರಾ ದೃಶ್ಯಗಳು. ಇವು ಕೆಲವೇ ದಿನಗಳಲ್ಲಿ ಅಳಿಸಿಹೋಗುವುದರಿಂದ ಕೂಡಲೇ ಲಿಖಿತ ಮನವಿ ಸಲ್ಲಿಸಬೇಕು.
4. ಎಲ್.ಆರ್., ಇ-ವೇ ಬಿಲ್, ತೂಕದ ಚೀಟಿಗಳ ಪ್ರತಿ.
5. ಗಾಯದ ಪ್ರಮಾಣ ಪತ್ರ, ಡಿಸ್ಚಾರ್ಜ್ ಸಾರಾಂಶ, ಎಕ್ಸ್-ರೇ, ಮೂಲ ಬಿಲ್ಲುಗಳು, ಅಂಗವೈಕಲ್ಯ ಪ್ರಮಾಣ ಪತ್ರ.
6. ಮೂರು ವರ್ಷಗಳ ಆದಾಯ ತೆರಿಗೆ ರಿಟರ್ನ್, ಲೆಕ್ಕಪತ್ರ, ಜಿ.ಎಸ್.ಟಿ. ವಿವರಣೆ, ಬ್ಯಾಂಕ್ ಪಟ್ಟಿ, ವಯಸ್ಸಿನ ದಾಖಲೆ.

ವಿಮಾ ಕಂಪನಿಯು ರಾಜಿಗೆ ಮುಂದೆ ಬಂದರೆ, ಮೇಲೆ ತೋರಿಸಿದ ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡಿ, ಆಮೇಲೆ ಕೊಡಮಾಡಿದ ಮೊತ್ತವನ್ನು ಅದರೊಡನೆ ಹೋಲಿಸಬೇಕು. ನ್ಯಾಯಯುತವಾಗಿದ್ದರೆ ಲೋಕ ಅದಾಲತ್‌ನಲ್ಲಿ ಮುಗಿಸುವುದರಿಂದ ಕಾಲ ಉಳಿಯುತ್ತದೆ. ನ್ಯಾಯಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಿವಾದದ ಮೊತ್ತ ಒಂದು ಲಕ್ಷ ರೂಪಾಯಿಗಿಂತ ಕಡಿಮೆ ಇದ್ದರೆ ಮೇಲ್ಮನವಿಗೆ ಅವಕಾಶವಿಲ್ಲ.

ವ್ಯಾಪಾರಸ್ಥರು ಲೆಕ್ಕಪತ್ರಗಳನ್ನು ಸಾಮಾನ್ಯವಾಗಿ ತೆರಿಗೆ ಇಲಾಖೆಗಾಗಿ ಬರೆಯುವ ಪುಸ್ತಕಗಳೆಂದು ಭಾವಿಸುತ್ತಾರೆ. ದುಡಿಯುವ ಕೈ ಸೋತ ದಿನ ಆ ಪುಸ್ತಕಗಳೇ ಮನೆಯವರ ಪರವಾಗಿ ನ್ಯಾಯಮಂಡಳಿಯ ಮುಂದೆ ಮಾತನಾಡಬೇಕಾಗುತ್ತದೆ. ಅವುಗಳಲ್ಲಿ ಬರೆದಿಲ್ಲದ ಆದಾಯವನ್ನು ಯಾವ ವಕೀಲನೂ ಅಲ್ಲಿ ಹೇಳಿ ಗೆಲ್ಲಲಾರ. ಆದಕಾರಣ ಪ್ರಸಕ್ತ ವರ್ಷದ ರಿಟರ್ನ್ ಸಲ್ಲಿಸುವಾಗ ಸದಸ್ಯರು ಈ ಅಂಶವನ್ನೂ ಗಮನದಲ್ಲಿಟ್ಟುಕೊಳ್ಳುವುದು ಹಿತಕರ.